ಎರಡರಿಂದ ಹತ್ತರವರೆಗೆ

ಶುಕ್ರವಾರ ನಸುಕಿಗೇ ಎದ್ದು ಹಯೇಸ್ ವ್ಯಾನು ತೊಳೆದೆ, ಎರಡು ಸಲ.
ಆರು ದಿನ ಸೈಟಿನ ಮೇಸ್ತ್ರಿಗಳನ್ನು ಹೊತ್ತ ಸೀಟು
ಸಿಮೆಂಟು, ಬೆವರು ಎಲ್ಲ ಕುಡಿದಿದೆ.
ಅಗರಬತ್ತಿ ಹಚ್ಚಿದೆ. ಮೂರೂ ಸೇರಿ ಇನ್ನೊಂದೇ ವಾಸನೆ.

ವಾರಿಜಕ್ಕ ಕೊಟ್ಟ ಚೀಟಿ ಸ್ಟೇರಿಂಗಿನ ಹಿಂದೆ ಸಿಕ್ಕಿಸಿಕೊಂಡೆ:
ಕಟ್ಟಡ, ಮಹಡಿ, ವಯಸ್ಸು,
ವಯಸ್ಸಿನ ಪಕ್ಕ ಕೆಂಪು ಶಾಯಿಯಲ್ಲಿ ಒಂದೊಂದು ಹೆಸರು.
ಎರಡಕ್ಕೆ ಕುಮಾರಿಯಂತೆ. ಮೂರಕ್ಕೆ ತ್ರಿಮೂರ್ತಿ.
ಹೀಗೇ ಹತ್ತರವರೆಗೆ.

ಹಮ್ರಿಯಾದ ಬೇಕರಿ ಮೇಲಿನ ಮನೆಯಿಂದ ಕಲ್ಯಾಣಿ ಇಳಿದಳು,
ಬಾಯಲ್ಲಿ ಇನ್ನೂ ಬ್ರಶ್ಶು.
ದಾರ್ಸೈತದ ಏರಿನಲ್ಲಿ ರೋಹಿಣಿ, ಜೊತೆಗೆ ಅವಳಕ್ಕ ದುರ್ಗೆ;
ದುರ್ಗೆಗೆ ಕಿಟಕಿಯೇ ಬೇಕು, ರೋಹಿಣಿಗೂ ಅದೇ ಕಿಟಕಿ.
ವಾದಿ ಕಬೀರಿನಲ್ಲಿ ಚಂಡಿಕೆ ಲಿಫ್ಟಿನ ಗುಂಡಿಯನ್ನೆಲ್ಲ ಒತ್ತಿದ್ದಳು;
ನಾನು ಕೆಳಗೆ ಕೆಂಪು ಅಂಕಿ ನೋಡುತ್ತ ನಿಂತೆ,
ಏಳು, ಆರು, ಐದು, ಪ್ರತಿ ಮಹಡಿಗೂ ದರ್ಶನ.
ಕುಮಾರಿಯನ್ನು ನಿದ್ದೆಯಲ್ಲೇ ತಂದುಕೊಟ್ಟ ಅವಳಪ್ಪ.
"ತಾಯಿಗೆ ನೈಟ್ ಡ್ಯೂಟಿ. ಎದ್ದರೆ ಅಳ್ತಾಳೆ" ಎಂದ.

ರುವಿಯ ಗಡಿಯಾರದ ವೃತ್ತ ಸುತ್ತುವಾಗ ಕನ್ನಡಿಯಲ್ಲಿ ಎಣಿಸಿದೆ:
ಒಂಬತ್ತು.
ಪೊಲೀಸಿನವ ಕೈ ತೋರಿದ. ಇಣುಕಿದ.
ಜರಿ ಲಂಗ, ಮಲ್ಲಿಗೆ, ಗಲಾಟೆ.
"ಮದುವೆಯಾ?" ಅಂದ.
ಅಲ್ಲ ಎಂದೆ. ಅದರಿಂದ ಮುಂದಕ್ಕೆ ನನ್ನಲ್ಲಿ ಅರಬಿ ಇರಲಿಲ್ಲ.
"ನಮ್ಮ ಈದ್" ಎಂದೆ. ನಕ್ಕು ದಾರಿ ಬಿಟ್ಟ.

ಅಕ್ಟೋಬರಿನಲ್ಲೂ ಇಲ್ಲಿ ತಾರಸಿಯ ಟ್ಯಾಂಕು ಕುದಿಯುತ್ತದೆ;
ತಣ್ಣೀರಿನ ನಲ್ಲಿ ತಿರುಗಿಸಿದರೂ ಬಿಸಿನೀರು.
ಪಾದ ತೊಳೆಯುವ ತಂಬಿಗೆಗೆ ಐಸು ಹಾಕಿದ್ದರು ವಾರಿಜಕ್ಕ.
ಒಂದು ತುಂಡು ಜಾರಿ ಕಾಳಿಕೆಯ ಬೆರಳಿಗೆ ತಾಗಿತು.
ಕಾಳಿಕೆ ಕಿರುಚಿದಳು.
ಆಮೇಲೆ ಇನ್ನೊಂದು ಬೇಕು ಎಂದಳು.
ಮಂಡಿನೋವಿನ ಹೆಂಗಸು, ನೆಲದಲ್ಲೇ ಜರುಗುತ್ತ ಜರುಗುತ್ತ
ಹಿಮ್ಮಡಿ ಒರೆಸಿ, ಅರಿಸಿನ ಬಳಿದು,
ತಟ್ಟೆಯ ನೀರನ್ನು ತಲೆಗೆ ಚಿಮುಕಿಸಿಕೊಂಡರು.

ನಾನು ಬಾಗಿಲಾಚೆ, ಹದಿನೆಂಟು ಚಪ್ಪಲಿಗೆ ಕಾವಲು.
ಕೈಗೆತ್ತಿಕೊಂಡರೆ ಕೆಲವದರ ಹಿಮ್ಮಡಿಯಲ್ಲಿ ದೀಪ ಮಿನುಗುತ್ತದೆ.
ಅಷ್ಟರಲ್ಲಿ ಚೀಟಿ ಬಾಯಿಪಾಠವಾಗಿತ್ತು.
ಗಂಗೊಳ್ಳಿಗೆ ನನ್ನ ರಜೆ ಎರಡು ವರ್ಷಕ್ಕೊಮ್ಮೆ, ನಲವತ್ತು ದಿನ.
ಬೆರಳು ಮಡಿಸಿ ನೋಡಿದೆ.

ಕುಮಾರಿಯನ್ನು ಕಂಡಿದ್ದೇನೆ; ನನ್ನ ಮೀಸೆಗೆ ಹೆದರಿ ಅತ್ತಳು.
ಕಲ್ಯಾಣಿಯನ್ನು ಮಗುಚಿದ ದೋಣಿಯ ಬೆನ್ನೇರಿಸಿ ಕೂರಿಸಿದ್ದೇನೆ.
ಕಾಳಿಕೆಯ ಮೊದಲ ಹಲ್ಲು ನಾನೇ ಕಿತ್ತದ್ದು, ಬಲೆಯ ದಾರ ಕಟ್ಟಿ.
ಶಾಂಭವಿಯ ವರ್ಷ ವಿಮಾನವೇ ಹಾರಲಿಲ್ಲ.
ತ್ರಿಮೂರ್ತಿ, ರೋಹಿಣಿ, ಚಂಡಿಕೆ, ದುರ್ಗೆ
ಇವರೆಲ್ಲ ಫೋನಿನೊಳಗೇ ಇದ್ದವರು,
ನೆಟ್ ಹೋದಾಗ ತೆರೆದ ಬಾಯಿ ತೆರೆದಂತೆ ನಿಂತವರು.
ಸುಭದ್ರೆ ನಲವತ್ತು ದಿನವೂ ನನ್ನನ್ನು
ನೀವು, ನೀವು ಎಂದಳು.

"ಹನ್ನೊಂದಕ್ಕೆ ಏನು ಹೆಸರು, ಅಕ್ಕ?"
ಹೋಳಿಗೆ ತಂದು ಕೊಟ್ಟಾಗ ಕೇಳಿದೆ.
"ಹತ್ತಕ್ಕೆ ಮುಗೀತಪ್ಪ. ಆಮೇಲೆ ಅವರವರ ಹೆಸರು ಅವರವರಿಗೆ."

ಬಾಗಿಲು ತೆರೆಯಿತು. ಸ್ಟೀಲು ಡಬ್ಬಿ, ಗಾಜಿನ ಬಳೆ,
ಮುಷ್ಟಿಯಲ್ಲಿ ಮುದುಡಿದ ಅರ್ಧ ರಿಯಾಲಿನ ನೋಟು,
ಎಲ್ಲರ ಕೈಯೂ ತುಂಬಿದೆ, ಯಾರೂ ಬಗ್ಗಲೊಲ್ಲರು.
ನಾನು ನೆಲಕ್ಕೆ ಕೂತೆ.
ಅರಿಸಿನ ಆರದ ಪಾದ, ಐಸಿನ ತಂಪು ಇನ್ನೂ ಹೋಗಿಲ್ಲ,
ಎಡ ಯಾವುದು ಬಲ ಯಾವುದೆಂದು ತಡಕಾಡಿ
ಪಟ್ಟಿ ಸಿಕ್ಕಿಸಿದೆ. ಹದಿನೆಂಟು ಸಲ.
"ಅಂಕಲ್, ನಿಮ್ಮ ಕೈಯೆಲ್ಲ ಹಳದಿ"
ಎಂದಳು ಶಾಂಭವಿ, ಮುಂದಿನ ಹಲ್ಲಿಲ್ಲದ ಬಾಯಲ್ಲಿ.

ಒಬ್ಬೊಬ್ಬರನ್ನೂ ಅವರವರ ಕಟ್ಟಡದಲ್ಲಿ ಇಳಿಸಿ,
ಕ್ಯಾಂಪಿನ ಅಂಗಳದಲ್ಲಿ ವ್ಯಾನು ನಿಲ್ಲಿಸಿ,
ಎಸಿ ಆರಿಸದೆ ಫೋನು ಹಚ್ಚಿದೆ.
"ಹಲೋ" ಬಂತು.
"ಭಾರ್ಗವಿಗೆ ಕೊಡೇ" ಎಂದೆ ಹೆಂಡತಿಗೆ.

ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ.
"ನಾನೇ, ಅಪ್ಪಯ್ಯ."