ಟ್ಯಾಂಡಮ್

ಮುಂದಿನ ಸೀಟಿನಲ್ಲಿ ದನುತಾ ವ್ರೋನಾ,
ವಾರವೆಲ್ಲ ಲಿಂಕನ್‌ಶೈರಿನ ತಣ್ಣನೆ ಶೆಡ್ಡಿನಲ್ಲಿ
ಎಲೆಕೋಸು ಕಟ್ಟುವವಳು.
ಹಿಂದಿನದರಲ್ಲಿ ಆಂಬ್ರೋಸ್ ಥರ್ಕೆಲ್,
ಮೂವತ್ತೊಂದು ವರ್ಷ ಲ್ಯಾಟಿನ್ ಕಲಿಸಿ
ಈಗ ಎರಡೂ ಕಣ್ಣು ಆರಿದವನು.
ಒಂದೇ ಸರಪಳಿ. ಭಾನುವಾರ. ಎದುರುಗಾಳಿ.

'ಈ ಸೈಕಲ್ಲಿಗೆ ಯಾಕೆ ಈ ಹೆಸರು?'
ಅವಳು ಕೇಳಿದ್ದು ಇಷ್ಟೇ. ಮೇಷ್ಟ್ರಿಗೆ ಅಷ್ಟು ಸಾಕು.

'ಹೆಸರಲ್ಲಮ್ಮ, ಅವ್ಯಯ.
ಲಿಂಗವಿಲ್ಲ, ವಚನವಿಲ್ಲ, ಯಾವ ವಿಭಕ್ತಿಗೂ ಬಗ್ಗದ್ದು.
ರೋಮಿನವರ ಬಾಯಲ್ಲಿ ಅದರರ್ಥ ಕೊನೆಗೂ.
ಹಡಗು ಕೊನೆಗೂ ಬಂತು. ಸಾಲ ಕೊನೆಗೂ ತೀರಿತು.
ಸಿಟ್ಟಿಗೂ ಒದಗುತ್ತಿತ್ತು,
ಅಂತೂ ಏಳುತ್ತೀಯೋ ಇಲ್ಲವೋ ಎಂದು
ಮಲಗಿದವನ ಕಂಬಳಿ ಎಳೆಯುವಾಗ.
ಒಡೆದು ನೋಡು: ಟಾಮ್ ಅಂದರೆ ಅಷ್ಟು,
ಬಾಲದ ಡೆಮ್ ಬರಿಯ ಒತ್ತು.'

(ಕನ್ನಡದಲ್ಲಿ ಕೂಡಿಸಿದರೆ: ಅಷ್ಟೇ.
ಇದು ಅವನಿಗೆ ಗೊತ್ತಿಲ್ಲ. ನನ್ನ ಮಾತು.)

'ಆಮೇಲೆ?' ಗೇರು ಇಳಿಸುತ್ತ ಅವಳು.

'ಆಮೇಲೆ ಸಾವಿರ ಚಿಲ್ಲರೆ ವರ್ಷ ಪುಸ್ತಕದಲ್ಲೇ ಮಲಗಿತ್ತು.
ನಮ್ಮ ಇಂಗ್ಲಿಷಿನಲ್ಲಿ ಅದಕ್ಕೆ ಹೇಳಿಕೊಟ್ಟ ಅರ್ಥ
ಉದ್ದಕ್ಕೆ ಎಂಬಂಥದು. ಕಾಲದ ಉದ್ದ,
ಕಾದೂ ಕಾದೂ ಬೆಳೆಯುವ ಉದ್ದ.
ಯಾವನೋ ತುಂಟ, ಹೆಸರು ಉಳಿದಿಲ್ಲ,
ಎರಡು ಕುದುರೆಯನ್ನು ಜೋಡಿ ಕಟ್ಟದೆ
ಒಂದರ ಬಾಲಕ್ಕೆ ಇನ್ನೊಂದರ ಮೂತಿ ಬರುವಂತೆ ಹೂಡಿ
ನೋಡಿ, ಉದ್ದಕ್ಕೆ! ಎಂದು ಚಾವಟಿ ಬೀಸಿದ.
ಕ್ಲಾಸಿನಲ್ಲಿ ತೂಕಡಿಸುತ್ತಿದ್ದ ಪದ
ಬೀದಿಯಲ್ಲಿ ದೌಡಾಯಿಸಿತು.
ಕಾಲ ಹೋಗಿ ನೆಲ ಬಂತು,
ಕುದುರೆ ಹೋಗಿ ಸೈಕಲ್ಲು.
ಕಾಯುವುದೊಂದು ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋಯಿತು.'

ಏರು. ಮಾತು ನಿಂತಿತು.

ಅವನಿಗೆ ಗುಡ್ಡ ಕಾಣುವುದು ತೊಡೆಯಲ್ಲಿ,
ಪೆಡಲಿಗಿಳಿದ ಅವಳ ಕಾಲಿನ ಭಾರದಲ್ಲಿ,
ಕುರಿಯ ವಾಸನೆ, ಅವಳ ಜಾಕೆಟ್ಟಿನ ಕೋಸಿನ ವಾಸನೆ.
ಹಿಂದೆ ಕೂತವನಿಗೆ ಬ್ರೇಕಿಲ್ಲ,
ಹ್ಯಾಂಡಲ್ ಇದೆ, ತಿರುಗುವುದಿಲ್ಲ.
ಎಷ್ಟೋ ಮಕ್ಕಳ ಮುಂದೆ ನಿಂತಿದ್ದವನು.

ನೆತ್ತಿಯಲ್ಲಿ ಸರಪಳಿ ತಟ್ಟನೆ ಹಗುರಾಯಿತು.
ಉಸಿರಿನ ಜೊತೆ ಅವಳ ಬಾಯಿಂದ ಒಂದು ಪದ ಜಾರಿತು.
'ನರೆಶ್ಚೆ.'

'ಏನಂದೆ?'

'ಏನಿಲ್ಲ ಸರ್, ನಮ್ಮ ಪೋಲಿಷ್.
ಬಸ್ಸು ತಿರುವಿನಲ್ಲಿ ಕಂಡಾಗ
ಅಮ್ಮ ಅನ್ನುತ್ತಿದ್ದಳು.'

ಮುದುಕ ಅರ್ಥ ಕೇಳಲಿಲ್ಲ.
ಇನ್ನೊಂದು ಸಲ ಹೇಳು, ಅಂದ.
ಅಷ್ಟರಲ್ಲಿ ಇಳಿಜಾರು.
ಗಾಳಿಗೆ ಅವಳಿಗದು ಕೇಳಿಸಲಿಲ್ಲ.