ನಾಲ್ಕು ಲಕ್ಷದ ಹನ್ನೊಂದನೇ ಸಾಲು

ಬೀಗ ಒಡೆದಿಲ್ಲ ನಾನು. ಬೀಗವೇ ಇರಲಿಲ್ಲ.
ಇದನ್ನು ಮೊದಲು ಬರೆದಿಡಬೇಕು,
ವಕೀಲರು ಕೇಳುವುದು ಇದನ್ನೇ.

ಶಿಡ್ಲಘಟ್ಟ. ಬೆಳಗಿನ ಜಾವ ನಾಲ್ಕು.
ಕೆಳಗೆ ಅಬ್ಬಾ ಒಲೆ ಹೊತ್ತಿಸಿದ್ದಾರೆ,
ಬೆಂದ ಹುಳುವಿನ ವಾಸನೆ ಮೆಟ್ಟಿಲೇರಿ
ನನ್ನ ಕೀಲಿಮಣೆಯವರೆಗೂ ಬಂದಿದೆ.
ಕುದಿನೀರಲ್ಲಿ ಹೊರಳುವ ಗೂಡುಗಳ ಮೇಲೆ
ಕುಂಚ ಆಡಿಸಿ ಆಡಿಸಿ
ಕಣ್ಣಿಗೆ ಕಾಣದ ಎಳೆಯೊಂದನ್ನು
ಬೆರಳಿಗೆ ಅಂಟಿಸಿಕೊಳ್ಳುವ ಕೆಲಸ ಅವರದು.
ತುದಿ ಸಿಕ್ಕರೆ ಸಾಕು, ಅಂತಾರೆ,
ಮಿಕ್ಕಿದ್ದು ತಾನೇ ಬರುತ್ತೆ.

ನನಗೆ ಸಿಕ್ಕ ತುದಿ ಒಂದು ವಿಳಾಸ, ಬರೀ ಅಂಕಿ.
ಎಳೆದೆ.
ರಕ್ತಪರೀಕ್ಷೆಯ ಕಂಪನಿಯೊಂದರ ಇಡೀ ಕಣಜವೇ ಬಂತು:
ಹೆಸರು, ವಯಸ್ಸು, ಫೋನು, ಮನೆ ನಂಬರು,
ಯಾರ ಸಕ್ಕರೆ ಎಷ್ಟು, ಯಾರಿಗೆ ಎಷ್ಟು ವಾರ.
ಅರವತ್ತೆರಡು ಲಕ್ಷ ಜನ
ಅಂಗಿ ಬಿಚ್ಚಿ ಸಾಲಾಗಿ ನಿಂತಿದ್ದಾರೆ.
ತಾವು ನಿಂತಿರುವುದು ಅವರಿಗೇ ಗೊತ್ತಿಲ್ಲ.

ನಿಯಮ ಇದೆ. ಮಾದರಿಗೆ ಹತ್ತು ಸಾಲು ನೋಡು, ಮುಚ್ಚು.
ನಾಲ್ಕು ಲಕ್ಷದ ಐದರಿಂದ ಹತ್ತು ತೆಗೆದೆ.
ಏಳನೆಯದರಲ್ಲಿ ನಮ್ಮ ಪಿನ್‌ಕೋಡು,
ನಮ್ಮ ಬೀದಿ,
ಅಶ್ವತ್ಥಮ್ಮ, ನಲವತ್ತಮೂರು.
ಗೋಡೆಯಾಚೆ ಅವರ ಕೆಮ್ಮು ಕೇಳುತ್ತಿತ್ತು.

ಮುಂದಿನ ಕಾಲಂ ಓದಬಾರದಿತ್ತು.
ಕಣ್ಣಿಗಾದರೆ ರೆಪ್ಪೆ ಇದೆ.

ಕಂಪನಿಗೆ ಬರೆದೆ. ಮತ್ತೆ ಬರೆದೆ.
ಸರ್ಕಾರಕ್ಕೂ ಬರೆದೆ.
ಒಂಬತ್ತು ದಿನ ಬಾಗಿಲು ಹಾಗೇ ಹಾರು ಹೊಡೆದಿತ್ತು.
ಹತ್ತನೇ ದಿನ ಸದ್ದಿಲ್ಲದೆ ಮುಚ್ಚಿಕೊಂಡಿತು,
ಹನ್ನೊಂದನೇ ದಿನ ನನ್ನ ಹೆಸರಿಗೊಂದು ನೋಟಿಸು:
ಒಳಗೆ ಬಂದದ್ದೇಕೆ?
ಜೊತೆಗೆ ಅವರದೊಂದು ಪ್ರಕಟಣೆ:
ಯಾವ ಮಾಹಿತಿಯೂ ಸೋರಿಲ್ಲ.

ಅಬ್ಬಾ ಕಾಗದವನ್ನು ಬೆಳಕಿಗೆ ಹಿಡಿದು
ನೂಲಿನ ಗಂಟು ಹುಡುಕುವ ಹಾಗೆ ಹುಡುಕಿದರು.
‘ಬೆಂಕಿ ಬಿತ್ತು ಅಂತ ಕೂಗಿದವಳ ಕೈಯಲ್ಲೇ
ಕಡ್ಡಿಪೆಟ್ಟಿಗೆ ಹುಡುಕ್ತಾರಲ್ಲ’ ಎಂದು
ಮತ್ತೆ ಒಲೆಯ ಮುಂದೆ ಕೂತರು.

ನಿನ್ನೆ ಸಂಜೆ ಅಶ್ವತ್ಥಮ್ಮ ಬಂದಿದ್ದರು.
ಇಪ್ಪತ್ತು ವರ್ಷ ಬಿಸಿನೀರಲ್ಲಿ ನೂಲು ತೆಗೆದ ಬೆರಳು,
ರೇಷನ್ ಅಂಗಡಿಯ ಯಂತ್ರ ಗುರುತು ಹಿಡಿಯದ ಬೆರಳು,
ಅದರಲ್ಲಿ ಫೋನು.
‘ಅಂಜುಮ್, ಯಾರೋ ಹೆಸರಿಟ್ಟು ಕರೀತಾನೆ ಕಣಮ್ಮ,
ಔಷಧಿ ಐತೆ, ತಗೊಳ್ಳಿ ಅಂತಾನೆ.
ನಾನು ಯಾರಂತ ಅವನಿಗೆ ಹೆಂಗೆ ಗೊತ್ತು?’

ಆ ನಂಬರು ಬ್ಲಾಕ್ ಮಾಡಿದೆ.
ಇನ್ನೊಂದು ನಂಬರಿಂದ ಬರುತ್ತದೆ, ಗೊತ್ತು.
ಚಹಾ ಕುಡಿದರು, ಲೋಟ ತೊಳೆದಿಟ್ಟರು.

ಯಾವ ಔಷಧಿ ಅಂತ ಅವರು ಹೇಳಲಿಲ್ಲ.
ನಾನು ಕೇಳಲಿಲ್ಲ.
ಕೇಳದೇ ಇದ್ದದ್ದನ್ನು
ಹೊಸ್ತಿಲಲ್ಲಿ ನಿಂತು, ಚಪ್ಪಲಿ ಮೆಟ್ಟುತ್ತ,
ಅವರು ಗಮನಿಸಿದರು.