ದಕ್ಕೆ

ಸಮುದ್ರ ಬೇಕು ಅಂದಳು ಭಾರ್ಗವಿ,
ಮೊಬೈಲಿನಲ್ಲೊಂದು ಚಿತ್ರ ಹಿಡಿದು:
ನೀರೊಳಕ್ಕೆ ನಡೆದುಹೋದ ಮರದ ಜೆಟ್ಟಿ,
ತುದಿಯಲ್ಲಿ ಇಬ್ಬರು, ಬೆನ್ನು ನಮ್ಮ ಕಡೆ,
ಆಕಾಶ ಮಾಗಿದ ನೇರಳೆ.
ಕೋಲಾರದಿಂದ ಯಾವ ಬಸ್ಸು ಹತ್ತಿದರೂ
ಸಮುದ್ರ ದೂರ.
ಚಲಪತಿಗೆ ರಜೆ ಇದೊಂದೇ ದಿನ,
ರಾತ್ರಿ ಹತ್ತಕ್ಕೆ ಹಾಲಿನ ಟ್ಯಾಂಕರು ಹೊರಡಬೇಕು.

ಹಾಗಾಗಿ ಕೆರೆಗೆ ಕರೆತಂದೆ.

ಏರಿಯಿಂದ ತೂಬಿನವರೆಗೆ ಹನ್ನೊಂದು ಚಪ್ಪಡಿ,
ಕೊನೆಯಲ್ಲಿ ಎರಡು ಕಂಬ, ಮೇಲೊಂದು ಅಡ್ಡಗಲ್ಲು.
ಎಡಕ್ಕೆ ಸರಿದರೆ ನೀಲಗಿರಿ ತೋಪು ಬರುತ್ತದೆ,
ಬಲಕ್ಕೆ ಇಟ್ಟಿಗೆ ಗೂಡಿನ ಹೊಗೆ,
ಹಿಂದಕ್ಕೆ ಹೋದರೆ ನನ್ನದೇ ಸ್ಕೂಟರು.
ಮಂಡಿಯೂರಿ, ಲೆನ್ಸು ನೀರಿಗೆ ಮುತ್ತಿಡುವಷ್ಟು ಬಗ್ಗಿದರೆ
ಒಂದು ಗೇಣಗಲದ ಸಮುದ್ರ ಸಿಗುತ್ತದೆ.
ಸಾಕು.
ಮದುವೆ ಆಲ್ಬಮ್ಮಿನಲ್ಲಿ ಅದಕ್ಕಿಂತ ಜಾಗವೆಲ್ಲಿ?

ಬೆಂಗಳೂರು ಮಿಂದು ಬಿಟ್ಟ ನೀರು ಇದು,
ತೊಳೆದು, ಮತ್ತೆ ತೊಳೆದು, ಪೈಪಿನಲ್ಲಿ ಬಂದದ್ದು.
ಕೋಡಿಯ ಹತ್ತಿರ ನೊರೆ.
ಅಲೆ ಥರಾನೇ ಇದೆ ಅಲ್ವಾ ಅಂದೆ.
ಭಾರ್ಗವಿ ಸೆರಗು ಮೂಗಿಗೆ ಹಿಡಿದಳು,
ಆಮೇಲೆ ನೆನಪಾಗಿ ಬಿಟ್ಟಳು,
ವಾಸನೆ ಫೋಟೋದಲ್ಲಿ ಬರುವುದಿಲ್ಲವೆಂದು.

‘ಏನ್ರಪ್ಪಾ ಮಾಡ್ತಿದ್ದೀರಿ ತೂಬಿನ್ ಮ್ಯಾಲೆ?’
ನೀರುಗಂಟಿ ಮುನಿಪಿಳ್ಳಪ್ಪ, ಕೈಯಲ್ಲಿ ಬ್ಯಾಟರಿ.
‘ಜೆಟ್ಟಿ ಫೋಟೋ ತಾತಾ.’
‘ಜಟ್ಟೀನಾ? ಯಾವೂರ ಜಟ್ಟಿ?
ಗರಡಿಮನೆ ಬಿದ್ದೋಗಿ ನಲವತ್ತೊರ್ಸ ಆಯ್ತಲ್ಲ!’
ಚಲಪತಿ ನಕ್ಕ. ಎಷ್ಟು ಚೆನ್ನಾಗಿ ನಕ್ಕನೆಂದರೆ
ನಾನು ಕ್ಯಾಮೆರಾ ಎತ್ತುವಷ್ಟರಲ್ಲಿ
ಆ ನಗೆ ಮುಗಿದಿತ್ತು.

ಮಂಗಳೂರಿನ ಕಡೆ ಇದಕ್ಕೆ ದಕ್ಕೆ ಅನ್ನುತ್ತಾರಂತೆ.
ಲ್ಯಾಬಿನ ಶೇಖರ ಪೂಜಾರಿ ಹೇಳಿದ್ದು.
ನಮ್ಮಲ್ಲಿ ಆ ಮಾತಿಗೆ ದೋಣಿಯಿಲ್ಲ.
ಎರಡು ಗುಂಟೆ ದಕ್ಕಿತು ಅನ್ನುತ್ತೇವೆ.
ಅಕ್ಕನ ಚೊಚ್ಚಲ ಕೂಸು ದಕ್ಕಲಿಲ್ಲ ಅನ್ನುತ್ತೇವೆ.

ಸೂರ್ಯ ಬೆಟ್ಟದ ಹಿಂದೆ ಇಳಿದ.
ಈಗ ಬರುವ ನೀಲಿ ಹತ್ತು ನಿಮಿಷದ್ದು,
ಹದ ತಪ್ಪಿದ ಪಾಕದ ಹಾಗೆ, ಕಾದು ಕೂರುವುದಿಲ್ಲ.
‘ಎಂಟು ಸೆಕೆಂಡು ಅಲ್ಲಾಡಬೇಡಿ’ ಎಂದೆ.
ನಿಂತರು. ಅವನ ಕಿರುಬೆರಳು
ಅವಳ ಕಿರುಬೆರಳನ್ನು ಹುಡುಕುತ್ತಿತ್ತು.
ಮೂರು. ನಾಲ್ಕು.
ಅಷ್ಟರಲ್ಲಿ ಮುನಿಪಿಳ್ಳಪ್ಪ ಚಪ್ಪಡಿಯ ಮೇಲೆ ನಡೆದೇಬಿಟ್ಟ,
ನನ್ನ ಸಮುದ್ರದ ನಟ್ಟನಡುವೆ,
ಬ್ಯಾಟರಿ ಹಾಕಿಕೊಂಡು.

‘ತಾತಾ!’
‘ಎಷ್ಟು ಮೆಟ್ಲು ಮುಳುಗೈತೆ ನೋಡ್ಬ್ಯಾಡ್ವಾ?’
‘ತೂಬು ಎತ್ತುತ್ತೀರಾ ಈಗಲೂ?’
‘ಎತ್ತಂಗಿಲ್ಲ. ಆಡ್ರು ಐತೆ.
ನೋಡಾದು ಬ್ಯಾಡ ಅಂತ ಯಾರೂ ಹೇಳಿಲ್ಲ.’
ಬಗ್ಗಿ ನೀರಿಗೆ ಕೈ ಬಿಟ್ಟು, ಕಾಣದ ಮೆಟ್ಟಿಲನ್ನು
ದನದ ಪಕ್ಕೆಲುಬು ಎಣಿಸುವಂತೆ ಎಣಿಸಿ
‘ಏಳು’ ಅಂದ, ಯಾರಿಗೂ ಅಲ್ಲ.
ಇನ್ನೊಂದು ತೆಗೆಯೋಣವೆಂದರೆ
ನೀಲಿ ಆಗಲೇ ಕಪ್ಪಿಗೆ ತಿರುಗಿತ್ತು.

ರಾತ್ರಿ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ.
ತೇಲುತ್ತಿದ್ದ ಕವರು ಅಳಿಸಿದೆ. ಮದ್ಯದ ಪೌಚು ಅಳಿಸಿದೆ.
ಎಂಟು ಸೆಕೆಂಡಿಗೆ ನೀರು ಹಾಲಾಗಿತ್ತು,
ಇಬ್ಬರು ಕಾಡಿಗೆಯಷ್ಟು ಕಪ್ಪಾಗಿ ನಿಂತಿದ್ದರು.
ಮುನಿಪಿಳ್ಳಪ್ಪ ಇರಲೇ ಇಲ್ಲ.
ನಡೆದವನು ಉಳಿಯುವುದಿಲ್ಲ ಇಂಥ ಚಿತ್ರದಲ್ಲಿ.
ಉಳಿದದ್ದು ಬ್ಯಾಟರಿಯ ಹಳದಿ ಗೆರೆ,
ಏರಿಯಿಂದ ಹೊರಟು, ಹೆಜ್ಜೆಗೊಮ್ಮೆ ಕುಲುಕಿ,
ನಡುವಿನಲ್ಲೇ ಮುಗಿದದ್ದು.

ಅದನ್ನೂ ಅಳಿಸಿದೆ.
ಚಪ್ಪಡಿಗಳು ಕತ್ತಲೆಗೆ ಹೋದವು.
ಕಾಲ ಕೆಳಗೆ ಏನೂ ಇಲ್ಲದೆ
ನೀರಿನ ಮೇಲೆ ನಿಂತಿದ್ದರು ಗಂಡುಹೆಣ್ಣು.
ಸ್ವಲ್ಪ ಹೊತ್ತು ನೋಡಿದೆ.
ಗೆರೆಯನ್ನು ವಾಪಸು ತಂದೆ.

ಬೆಳಿಗ್ಗೆ ಭಾರ್ಗವಿ ಕೇಳಿದಳು, ಇದೇನಣ್ಣಾ ಹಳದಿ?
ದಕ್ಕೆಯ ದೀಪ, ಅಂದೆ.
ಬಿಲ್ಲಿನಲ್ಲಿ ಬರೆದೆ:
ಸಮುದ್ರ, ಒಂದು.
ಹೋಗಿಬರುವ ಖರ್ಚು, ಇಲ್ಲ.